ಉಗ್ಗು, ಬಜೆ ಮತ್ತು ಒಂದು ಡಿಗ್ರಿಯ ಚರಿತ್ರೆ

ಹೋದ ಭಾನುವಾರ ಬೆಳಿಗ್ಗೆ ನಾನಿನ್ನೂ ಹಾಸಿಗೆಯಲ್ಲೇ ಹೊರಳಾಡ್ತಾ ಇದ್ದಾಗ ಚಿಕ್ಕಪ್ಪನ ಸವಾರಿ ನಮ್ಮ ಸಹಕಾರನಗರದ ಮನೆಗೆ ಬಂತು. ಜೊತೆಗೆ ಚಿಕ್ಕಮ್ಮ, ಅವರ ಹಿಂದೆ ಮುಖ ಊದಿಸಿಕೊಂಡ ತಂಗಿ. ತುಮಕೂರಿಂದ ಬೆಳಗಿನ ರೈಲಿಗೇ ಹೊರಟು ಬಂದಿದ್ರು. ಕಾಫಿ ಲೋಟ ಕೆಳಗಿಡುವ ಮೊದಲೇ ಚಿಕ್ಕಪ್ಪ ವಿಷಯಕ್ಕೆ ಬಂದ್ರು.

"ನೋಡಪ್ಪಾ, ಇವಳಿಗೆ ಪಿಯುಸಿಲಿ ಒಳ್ಳೆ ಮಾರ್ಕ್ಸ್ ಬಂದಿದೆ. ಕಂಪ್ಯೂಟರ್ ಸೈನ್ಸ್ ಸೀಟು ಸಿಗುತ್ತೆ. ಇವಳು ನೋಡಿದ್ರೆ ಮಾತು ಕಲಿಸೋ ಕೋರ್ಸ್ ಓದ್ತೀನಿ ಅಂತಾಳೆ. ಮಾತು ಕಲಿಸೋಕೆ ನಾಲ್ಕು ವರ್ಷದ ಡಿಗ್ರಿ ಬೇಕಾ? ನೀನು ಸಾಫ್ಟ್‌ವೇರ್‌ನಲ್ಲಿ ಇದ್ದೀಯ, ನೀನಾದ್ರೂ ಬುದ್ಧಿ ಹೇಳು."

ತಂಗಿ ನನ್ನ ಕಡೆ ನೋಡಿದಳು. ನಾನು ಕಾಫಿ ಲೋಟ ನೋಡಿದೆ!

ಯಾಕೆ ಅಂದ್ರೆ, ಈ ಕೆಲಸಕ್ಕೆ ಚಿಕ್ಕಪ್ಪ ಆರಿಸಿಕೊಂಡಿದ್ದು ಸರಿಯಾದ ಆಸಾಮಿಯನ್ನಲ್ಲ. ನನಗೆ ಚಿಕ್ಕಂದಿನಿಂದ ಉಗ್ಗು. ಈಗಲೂ ಇದೆ. ಇದನ್ನು ಇಲ್ಲಿ ಬರೆಯೋದಕ್ಕೂ ಮುಂಚೆ ಎರಡು ಸಲ ಯೋಚನೆ ಮಾಡಿದೆ. ಬರೆಯುವಾಗ ನಾನು ಉಗ್ಗಲ್ಲ ನೋಡಿ, ಹಾಗಾಗಿ ನಿಮ್ಮಲ್ಲಿ ಯಾರಿಗೂ ಗೊತ್ತಾಗಿರಲಿಕ್ಕಿಲ್ಲ :-)

ಚಿಕ್ಕವನಿದ್ದಾಗ ಅಜ್ಜಿ ಬಜೆ ಬೇರನ್ನು ತೇಯ್ದು ನಾಲಗೆಗೆ ಹಚ್ಚುತ್ತಿದ್ದರು. ಮಾತು ಚೆನ್ನಾಗಿ ಬರುತ್ತೆ ಅಂತ. ಆ ಖಾರ ಕಹಿ ಇವತ್ತಿಗೂ ನೆನಪಿದೆ, ಮಾತು ಮಾತ್ರ ಬಜೆಗೆ ಬಗ್ಗಲಿಲ್ಲ. ಸ್ಕೂಲಿನಲ್ಲಿ ಹಾಜರಿ ಕೂಗುವಾಗ "ಪ್ರೆಸೆಂಟ್ ಸಾರ್" ಅನ್ನೋಕೆ ಆಗದೆ ಕೈ ಮಾತ್ರ ಎತ್ತುತ್ತಿದ್ದೆ. ಬಸ್ಸಿನಲ್ಲಿ ಕಂಡಕ್ಟರ್ "ಎಲ್ಲಿಗೆ?" ಅಂದ್ರೆ 'ಸಹಕಾರನಗರ' ಅನ್ನೋ ಪದದ 'ಸ' ಹಲ್ಲಿನ ಹಿಂದೆ ಸಿಕ್ಕಿಹಾಕಿಕೊಳ್ತಿತ್ತು. ಅದಕ್ಕೆ 'ಹೆಬ್ಬಾಳ' ಅಂತ ಟಿಕೆಟ್ ತಗೊಂಡು, ಅಲ್ಲೇ ಇಳಿದು, ಮನೆಗೆ ನಡೆದುಕೊಂಡು ಬರ್ತಿದ್ದೆ. ಮನೇಲಿ ಕೇಳಿದ್ರೆ "ವಾಕಿಂಗ್" ಅಂತಿದ್ದೆ. ಎರಡು ವರ್ಷ ಹೀಗೇ ನಡೆದಿದ್ದೀನಿ.

ಇರಲಿ. ತಂಗಿಗೆ ಬುದ್ಧಿ ಹೇಳೋಕೆ ಮುಂಚೆ ನಾನು ವಿಷಯ ತಿಳ್ಕೋಬೇಕಲ್ಲ. "ಸಂಜೆ ಮಾತಾಡೋಣ ಚಿಕ್ಕಪ್ಪ" ಅಂತ ಹೇಳಿ ರೂಮು ಸೇರಿದೆ. ಚಿಕ್ಕಪ್ಪನ ಪ್ರಶ್ನೆ ಮೇಲ್ನೋಟಕ್ಕೆ ತಮಾಷೆ ಅನ್ನಿಸಿದ್ರೂ ನ್ಯಾಯವಾದ ಪ್ರಶ್ನೆಯೇ. ಮಾತು ಕಲಿಸೋದು ಡಿಗ್ರಿ ಆಗಿದ್ದು ಯಾವಾಗ? ಯಾಕೆ? ಓದ್ತಾ ಓದ್ತಾ ಮಧ್ಯಾಹ್ನದ ಊಟಾನೂ ತಡ ಆಯ್ತು. ಓದಿದ್ದನ್ನು ನಿಮಗೂ ಹೇಳ್ತೀನಿ.

ಉಗ್ಗಿಗೆ ಮದ್ದು ಹುಡುಕೋದು ಬಹಳ ಹಳೇ ಕಥೆ. ಗ್ರೀಸಿನ ಭಾಷಣಕಾರ ಡೆಮಾಸ್ತನೀಸ್ ಬಾಯಲ್ಲಿ ಕಲ್ಲುಹರಳು ಇಟ್ಕೊಂಡು ಅಭ್ಯಾಸ ಮಾಡ್ತಿದ್ದ ಅಂತ ಒಂದು ಕಥೆ ಇದೆ. ಅವನಿಗೆ ಹರಳು, ನಮಗೆ ಬಜೆ. ಎರಡರಲ್ಲೂ ನಂಬಿಕೆ ಒಂದೇ: ತಪ್ಪು ನಾಲಗೆಯದ್ದು, ನಾಲಗೆಯನ್ನು ಪಳಗಿಸಿದರೆ ಸಾಕು ಅಂತ. ಈ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದಿದ್ದು 1861ರಲ್ಲಿ. ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಹತ್ತಿರ ಒಬ್ಬ ರೋಗಿ ಬಂದ. ಏನು ಕೇಳಿದರೂ ಅವನ ಬಾಯಿಂದ ಬರ್ತಿದ್ದಿದ್ದು "ಟಾನ್" ಅನ್ನೋದೊಂದೇ. ಹೇಳಿದ್ದು ಅರ್ಥ ಆಗ್ತಿತ್ತು, ನಾಲಗೆ ಅಲ್ಲಾಡ್ತಿತ್ತು, ಮಾತು ಮಾತ್ರ ಇರಲಿಲ್ಲ. ಆತ ಸತ್ತ ಮೇಲೆ ಬ್ರೋಕಾ ಮಿದುಳನ್ನು ನೋಡಿದಾಗ ಎಡಭಾಗದ ಮುಂದಿನ ಕಡೆ ಹಾಳಾಗಿತ್ತು. ಮಾತು ಇರೋದು ನಾಲಗೆಯಲ್ಲಿ ಮಾತ್ರ ಅಲ್ಲ ಅನ್ನೋದು ಹೀಗೆ ಗೊತ್ತಾಯ್ತು. ಲಕ್ವ ಹೊಡೆದ ಮೇಲೆ ಮಾತು ಕಳ್ಕೊಂಡ ಹಿರಿಯರನ್ನು ನಾವೆಲ್ಲ ನೋಡಿರ್ತೀವಿ. ಅವರಲ್ಲಿ ಎಷ್ಟೋ ಜನರದ್ದು ಇದೇ ತೊಂದರೆ, ಅಫೇಸಿಯಾ ಅಂತಾರೆ.

ಆಮೇಲೆ ಬಂದಿದ್ದು ಮೊದಲನೇ ಮಹಾಯುದ್ಧ. ತಲೆಗೆ ಗುಂಡು ಬಿದ್ದವರು, ಬಾಂಬಿನ ಆಘಾತದಿಂದ ಮಾತು ನಿಂತವರು ಸಾಲುಸಾಲಾಗಿ ಆಸ್ಪತ್ರೆಗೆ ಬಂದ್ರು. ಡಾಕ್ಟರು ಗಾಯ ಹೊಲಿದರು. ಮಾತನ್ನು ಹೊಲಿಯೋರು ಯಾರು? ಆಸ್ಟ್ರೇಲಿಯಾದಲ್ಲಿ ಭಾಷಣಕಲೆ ಕಲಿಸ್ತಿದ್ದ ಲಯೊನೆಲ್ ಲೋಗ್ ಅನ್ನೋ ಮೇಷ್ಟ್ರು ಇಂಥ ಸೈನಿಕರಿಗೆ ಮಾತಾಡಿಸೋ ಕೆಲಸ ಮಾಡಿದ. ಮುಂದೆ ಲಂಡನ್ನಿಗೆ ಬಂದು 1926ರಿಂದ ಯಾರ್ಕಿನ ಡ್ಯೂಕ್‌ಗೆ, ಅಂದ್ರೆ ಆಮೇಲೆ ಆರನೇ ಜಾರ್ಜ್ ರಾಜನಾದವನಿಗೆ, ಉಗ್ಗಿನ ಚಿಕಿತ್ಸೆ ಕೊಟ್ಟ. 2010ರ ಸಿನಿಮಾ ನೋಡಿದ್ದರೆ ಕಥೆ ನಿಮಗೆ ಗೊತ್ತಿರುತ್ತೆ. ಆ ಸಿನಿಮಾ ನಾನು ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಲ್ಲ. ಸ್ವಾರಸ್ಯ ಏನಂದ್ರೆ ಲೋಗ್‌ಗೆ ಈ ವಿದ್ಯೆಯಲ್ಲಿ ಯಾವ ಡಿಗ್ರಿಯೂ ಇರಲಿಲ್ಲ!

ಅಂದ್ರೆ ಚಿಕ್ಕಪ್ಪ ಹೇಳಿದ್ದೇ ಸರಿನಾ? ಇಲ್ಲ. ಲೋಗ್‌ನಂಥ ಒಬ್ಬ ಒಳ್ಳೆಯವನಿಗೆ, ಗ್ಯಾರಂಟಿ ಕೊಟ್ಟು ದುಡ್ಡು ಕೀಳುವವರು ಹತ್ತು ಜನ ಇದ್ದ ಕಾಲ ಅದು. ನಾಲಗೆ ಕತ್ತರಿಸಿ ಉಗ್ಗು ವಾಸಿ ಮಾಡ್ತೀವಿ ಅಂತ ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ಶಸ್ತ್ರವೈದ್ಯರು ಹೊರಟಿದ್ದೂ ಉಂಟು. ಯಾರು ಕಲಿತವರು, ಯಾರು ಅಲ್ಲ ಅನ್ನೋದಕ್ಕೆ ಒಂದು ಅಳತೆಗೋಲು ಬೇಕಿತ್ತು. 1924ರಲ್ಲಿ ವಿಯೆನ್ನಾದಲ್ಲಿ ಎಮಿಲ್ ಫ್ರೋಶೆಲ್ಸ್ ಇದಕ್ಕೊಂದು ಅಂತಾರಾಷ್ಟ್ರೀಯ ಸಂಘ ಕಟ್ಟಿದರು. 1925ರಲ್ಲಿ ಅಮೆರಿಕದ ಸಂಘ ಹುಟ್ಟಿತು. 1945ರಲ್ಲಿ ಇಂಗ್ಲೆಂಡಿನಲ್ಲಿ ವಾಕ್ ಚಿಕಿತ್ಸಕರ ಕಾಲೇಜು ಶುರುವಾಯ್ತು, ಅದನ್ನು ಕಟ್ಟಿದವರಲ್ಲಿ ಡಿಗ್ರಿ ಇಲ್ಲದ ಲೋಗ್ ಕೂಡ ಒಬ್ಬ.

ಡಿಗ್ರಿ ಇದ್ದ ಮಾತ್ರಕ್ಕೆ ಎಲ್ಲ ಸರಿಯಾಗುತ್ತೆ ಅಂತಲೂ ಅಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯ ಈ ವಿದ್ಯೆಯ ದೊಡ್ಡ ಕೇಂದ್ರವಾಗಿತ್ತು. ಅಲ್ಲಿನ ವೆಂಡೆಲ್ ಜಾನ್ಸನ್ ಸ್ವತಃ ಉಗ್ಗುತ್ತಿದ್ದ ಮನುಷ್ಯ. 'ಉಗ್ಗು ಹುಟ್ಟೋದು ಮಗುವಿನ ಬಾಯಲ್ಲಲ್ಲ, ಅಪ್ಪ ಅಮ್ಮನ ಕಿವಿಯಲ್ಲಿ' ಅನ್ನುವಂಥ ವಾದ ಅವರದ್ದು. ಇದನ್ನು ಪರೀಕ್ಷಿಸೋಕೆ 1939ರಲ್ಲಿ ಅವರ ವಿದ್ಯಾರ್ಥಿನಿ ಮೇರಿ ಟ್ಯೂಡರ್ ಒಂದು ಅನಾಥಾಶ್ರಮದ 22 ಮಕ್ಕಳ ಮೇಲೆ ಪ್ರಯೋಗ ಮಾಡಿದಳು. ಅದರಲ್ಲಿ ಉಗ್ಗೇ ಇಲ್ಲದ ಆರು ಮಕ್ಕಳಿಗೆ 'ನಿನಗೆ ಉಗ್ಗು ಶುರುವಾಗ್ತಿದೆ, ಸರಿಯಾಗಿ ಬರದಿದ್ದರೆ ಮಾತಾಡಲೇಬೇಡ' ಅನ್ನೋ ರೀತಿ ಹೇಳ್ತಾ ಬಂದ್ರು. ಅವರಿಗೆ ನಿಜವಾಗಿ ಉಗ್ಗು ಬಂತಾ ಅನ್ನೋದರ ಬಗ್ಗೆ ತಜ್ಞರಲ್ಲಿ ಒಮ್ಮತ ಇಲ್ಲ. ಆದರೆ ಆ ಮಕ್ಕಳು ಮುದುರಿಕೊಂಡರು, ಮಾತೇ ಕಡಿಮೆ ಮಾಡಿದರು. ವಿಷಯ ಹೊರಗೆ ಬಂದಿದ್ದು 2001ರಲ್ಲಿ. ವಿಶ್ವವಿದ್ಯಾಲಯ ಕ್ಷಮೆ ಕೇಳ್ತು. 2007ರಲ್ಲಿ ಅಯೋವಾ ರಾಜ್ಯ 9,25,000 ಡಾಲರ್ ಪರಿಹಾರಕ್ಕೆ ಒಪ್ಪಿಕೊಳ್ತು.

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. "ನಿಧಾನ ಮಾತಾಡೋ", "ಮೊದ್ಲು ಯೋಚ್ನೆ ಮಾಡಿ ಆಮೇಲೆ ಹೇಳೋ" ಅಂತ ನನಗೆ ಹೇಳಿದವರೆಲ್ಲ ನೆನಪಾದರು. ಪಾಪ, ಅವರು ಪ್ರೀತಿಯಿಂದಲೇ ಹೇಳಿದ್ದು. ಆದರೆ ಜಾನ್ಸನ್‌ರ ಸಿದ್ಧಾಂತಾನೂ ಪೂರ್ತಿ ನಿಲ್ಲಲಿಲ್ಲ ಅನ್ನೋದನ್ನೂ ಹೇಳಬೇಕು. 2010ರಲ್ಲಿ ಅಮೆರಿಕದ ಸಂಶೋಧಕರು ಉಗ್ಗಿಗೆ ಸಂಬಂಧಿಸಿದ ಕೆಲವು ಜೀನ್‌ಗಳನ್ನೇ ಗುರುತಿಸಿದರು. ಎಲ್ಲರ ಉಗ್ಗಿಗೂ ಅವೇ ಕಾರಣ ಅಲ್ಲ. ಆದರೆ 'ಅಮ್ಮ ಗದರಿದ್ದಕ್ಕೆ ಬಂತು' ಅನ್ನೋವಷ್ಟು ಸುಲಭವೂ ಅಲ್ಲ. ನಮ್ಮಮ್ಮನಿಗೆ ಇದನ್ನು ಓದಿ ಹೇಳಿದೆ. ಏನೂ ಮಾತಾಡಲಿಲ್ಲ, ಸೆರಗಲ್ಲಿ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದರು. ಇಷ್ಟು ವರ್ಷ ತನ್ನದೇ ತಪ್ಪು ಅಂದ್ಕೊಂಡಿದ್ರೇನೋ... ನಾನೂ ಕೇಳಿರಲಿಲ್ಲ.

ಈಗ ನಮ್ಮೂರಿಗೆ ಬರೋಣ.

ಭಾರತದಲ್ಲಿ ಈ ಓದಿನ ಕಥೆ ಶುರುವಾಗೋದರಲ್ಲಿ ನಮ್ಮ ಮೈಸೂರಿನ ಪಾತ್ರ ಬಹಳ ದೊಡ್ಡದು. 1965ರಲ್ಲಿ ಕೇಂದ್ರದ ಆರೋಗ್ಯ ಇಲಾಖೆ ಮೈಸೂರಿನಲ್ಲಿ ಒಂದು ಸಂಸ್ಥೆ ಶುರು ಮಾಡ್ತು. ಮೊದಲಿಗೆ ಅದಕ್ಕೆ 'ಲೋಗೋಪೆಡಿಕ್ಸ್' ಅನ್ನೋ ಹೆಸರಿತ್ತು. ಫ್ರೋಶೆಲ್ಸ್ ಬಳಕೆಗೆ ತಂದ ಪದ ಅದು. ಆಮೇಲೆ ಅದು ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆಯ್ತು. ಮೈಸೂರಿನವರ ಬಾಯಲ್ಲಿ 'ಸ್ಪೀಚ್ ಅಂಡ್ ಹಿಯರಿಂಗ್'. ಮಾನಸಗಂಗೋತ್ರಿಯ ಆ ಜಾಗದಲ್ಲಿ 1966ರಲ್ಲಿ ಕಟ್ಟಡಕ್ಕೆ ಅಡಿಗಲ್ಲು ಹಾಕಿದ್ದು ರಾಷ್ಟ್ರಪತಿ ರಾಧಾಕೃಷ್ಣನ್. ಅವರೇ ಹಿಂದೆ ಮೈಸೂರಿನಲ್ಲಿ ಪಾಠ ಹೇಳಿದ್ದ ಮೇಷ್ಟ್ರಲ್ವಾ!

ಸಂಸ್ಥೆ ಮೊದಲು ಶುರು ಮಾಡಿದ್ದು ಎಂ.ಎಸ್ಸಿ., ಬಿ.ಎಸ್ಸಿ. ಬಂದಿದ್ದು ಆಮೇಲೆ. ಇದೇನು ಮಹಡಿಯಿಂದ ಮನೆ ಕಟ್ಟೋ ಕೆಲಸ ಅನ್ನಿಸ್ತು. ಯೋಚಿಸಿದರೆ ಸರಿಯೇ, ಪಾಠ ಹೇಳೋರೇ ಇಲ್ಲದಿದ್ದಾಗ ಮೊದಲು ಮೇಷ್ಟ್ರುಗಳನ್ನು ತಯಾರು ಮಾಡಬೇಕು ತಾನೆ. 1967ರಲ್ಲಿ ಈ ವೃತ್ತಿಯವರ ಅಖಿಲ ಭಾರತ ಸಂಘ ಹುಟ್ಟಿತು. 1970ರಿಂದ ಸಂಸ್ಥೆಯದ್ದೇ ಸಂಶೋಧನಾ ಪತ್ರಿಕೆ ಬರೋಕೆ ಶುರುವಾಯ್ತು. 1969ರಲ್ಲಿ ಅದೇ ಮೈಸೂರಿಗೆ ಭಾರತೀಯ ಭಾಷಾ ಸಂಸ್ಥಾನವೂ ಬಂತು. ಮಾತಿನ ರೋಗ ಓದುವವರು, ಭಾಷೆಯ ರಚನೆ ಓದುವವರು ಎರಡೂ ಕಡೆಯವರು ಒಂದೇ ಊರಿನಲ್ಲಿ.

ಆ ಸಂಸ್ಥೆಯ ನಿರ್ದೇಶಕರಾಗಿದ್ದವರಲ್ಲಿ ನ. ರತ್ನ ಅವರ ಹೆಸರು ನಾಟಕದ ಹುಚ್ಚಿರೋ ಕನ್ನಡಿಗರಿಗೆ ಬೇರೆ ಕಾರಣಕ್ಕೆ ಗೊತ್ತಿರುತ್ತೆ. 'ಎಲ್ಲಿಗೆ?' ಬರೆದ ನಾಟಕಕಾರ ಅವರೇ. ಹಗಲೆಲ್ಲ ಮಾತು ಬಾರದವರ ಜೊತೆ ಕೆಲಸ, ಸಂಜೆ ರಂಗದ ಮೇಲೆ ಮಾತಿನ ಕೆಲಸ. ನನ್ನನ್ನು ಎರಡು ವರ್ಷ ಹೆಬ್ಬಾಳದಲ್ಲಿ ಇಳಿಸಿದ್ದೂ ಕಂಡಕ್ಟರ್ ಕೇಳಿದ ಅದೇ "ಎಲ್ಲಿಗೆ?" ಅನ್ನೋ ಪ್ರಶ್ನೆ ತಾನೆ, ನಗು ಬಂತು.

ಮುಖ್ಯವಾದ ವಿಷಯ ಈಗ ಬರುತ್ತೆ. ಪುಸ್ತಕ ಎಲ್ಲ ಇಂಗ್ಲಿಷಿನವು, ಪರೀಕ್ಷೆಗಳೂ ಇಂಗ್ಲಿಷಿನವು. ಎದುರಿಗೆ ಕೂತ ಮಗು ಮಾತ್ರ ನಂಜನಗೂಡಿನದ್ದೋ ಚಾಮರಾಜನಗರದ್ದೋ. ಆ ಮಗುವಿಗೆ 'ರ್ಯಾಬಿಟ್' ಚಿತ್ರ ತೋರಿಸಿ ಇಂಗ್ಲಿಷ್ ಪದ ಹೇಳು ಅಂದ್ರೆ ಏನು ತಿಳಿಯುತ್ತೆ? ಇಂಗ್ಲಿಷಿನಲ್ಲಿ ನಮ್ಮ 'ಳ' ಇಲ್ಲ, 'ಣ' ಇಲ್ಲ. ನಮ್ಮ ಮಕ್ಕಳು ಯಾವ ವಯಸ್ಸಿಗೆ 'ಳ' ಸರಿಯಾಗಿ ಹೇಳಬೇಕು ಅನ್ನೋದನ್ನು ಇಂಗ್ಲಿಷ್ ಪುಸ್ತಕ ಹೇಳೋದಿಲ್ಲ. ಹಾಗಾಗಿ 1972ರಲ್ಲಿ ಬಾಬು, ರತ್ನ ಮತ್ತು ಬೆಟಗೇರಿ ಸೇರಿ ಕನ್ನಡದ್ದೇ ಉಚ್ಚಾರಣೆ ಪರೀಕ್ಷೆ ತಯಾರು ಮಾಡಿದರು. ಕೇಳೋಕೆ ಸಣ್ಣ ಕೆಲಸ. ಆದರೆ ಕನ್ನಡದ ಮಗುವನ್ನು ಕನ್ನಡದಲ್ಲೇ ಅಳೆಯೋಕೆ ಸಾಧ್ಯವಾಗಿದ್ದು ಇಂಥ ಕೆಲಸಗಳಿಂದಲೇ.

ಇನ್ನೂ ಒಂದು ತೊಡಕಿದೆ. ಮಂಡ್ಯದ ಕಡೆ ಹುಡುಗ 'ಹಾಲು' ಅನ್ನೋದಕ್ಕೆ 'ಆಲು' ಅಂತಾನೆ. ಅದು ದೋಷವಾ? ಅಲ್ಲ, ಅದು ಅವನ ಮನೆಯ ಕನ್ನಡ. ಅವನ ಅಪ್ಪ ಅಮ್ಮನೂ ಹಾಗೇ ಅನ್ನೋದು. ಅದೇ ಹುಡುಗ 'ಕಾಲು' ಅನ್ನೋದಕ್ಕೆ 'ತಾಲು' ಅಂತಿದ್ದರೆ, ಅದೂ ಐದಾರು ವರ್ಷವಾದ ಮೇಲೂ, ಆಗ ನೋಡಬೇಕು. ಈ ವ್ಯತ್ಯಾಸ ತಿಳಿಯದವರ ಕೈಗೆ ಮಗು ಸಿಕ್ಕಿದರೆ ಇಲ್ಲದ ರೋಗಕ್ಕೆ ಮದ್ದು, ಇರೋ ರೋಗಕ್ಕೆ ಬೈಗುಳ. "ಮಾತು ಕಲಿಸೋಕೆ ನಾಲ್ಕು ವರ್ಷ ಬೇಕಾ" ಅನ್ನೋದಕ್ಕೆ ನನಗೆ ಸಿಕ್ಕ ಮೊದಲ ಉತ್ತರ ಇದು.

ಓದುವ ವಿಷಯದಲ್ಲೂ ಹೀಗೇ. ಮೈಸೂರಿನಲ್ಲಿ ಕೆಲಸ ಮಾಡಿದ ಪ್ರತಿಭಾ ಕಾರಂತ ಮತ್ತು ಅವರ ಜೊತೆಗಾರರು ಕನ್ನಡ ಓದುವವರನ್ನು ಪರೀಕ್ಷಿಸಿ ನೋಡಿದರು. ಇಂಗ್ಲಿಷ್ ಓದೋಕೆ ಪದವನ್ನು ಬಿಡಿ ಬಿಡಿ ಧ್ವನಿಯಾಗಿ ಒಡೆಯೋದು ಬರಬೇಕು, ಬರದಿದ್ದರೆ ಓದು ಕಷ್ಟ ಅಂತ ಪಶ್ಚಿಮದ ವಾದ. ಬರೀ ಕನ್ನಡ ಕಲಿತವರಿಗೆ ಹಾಗೆ 'ಕ' ಒಳಗಿನ ವ್ಯಂಜನ ಬೇರೆ, ಸ್ವರ ಬೇರೆ ಅಂತ ಬಿಡಿಸೋದು ಕಷ್ಟ ಆಗ್ತಿತ್ತು, ಆದರೂ ಸಲೀಸಾಗಿ ಓದುತ್ತಿದ್ದರು! ಕಾಗುಣಿತದ ಲಿಪಿ ಬೇರೆ, ಎಬಿಸಿಡಿ ಬೇರೆ. ಅಂದಮೇಲೆ ಓದಲು ಕಷ್ಟಪಡುವ ಕನ್ನಡದ ಮಗುವಿನ ತೊಂದರೆಯನ್ನು ಇಂಗ್ಲಿಷಿನ ಪಟ್ಟಿಯಿಂದ ಅಳೆಯೋ ಹಾಗಿಲ್ಲ. ಇದೇ ಪ್ರತಿಭಾ ಕಾರಂತ 2000ದಲ್ಲಿ ಬೆಂಗಳೂರಿನಲ್ಲಿ ಕಾಮ್ ಡೀಲ್ ಟ್ರಸ್ಟ್ ಶುರು ಮಾಡಿದರು. ಆಟಿಸಂ ಇರೋ, ಮಾತು ತಡವಾದ ಪುಟ್ಟ ಮಕ್ಕಳ ಜೊತೆ ಅದರ ಕೆಲಸ.

ಈ ಮಧ್ಯೆ 1992ರಲ್ಲಿ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ ಬಂತು. ಅಂಗವಿಕಲರ ಜೊತೆ ಕೆಲಸ ಮಾಡುವ ಇಂಥ ವೃತ್ತಿಯವರು ಅಲ್ಲಿ ನೋಂದಾಯಿಸಿಕೊಳ್ಳಬೇಕು ಅನ್ನೋ ನಿಯಮ ಆಯ್ತು. ಹಳೇ ಬಿ.ಎಸ್ಸಿ. ಜಾಗಕ್ಕೆ ಮುಂದೆ ಬಿಎಎಸ್‌ಎಲ್‌ಪಿ ಅನ್ನೋ ನಾಲ್ಕು ವರ್ಷದ ಪದವಿ ಬಂತು, ಕೊನೆಯ ಒಂದು ವರ್ಷ ಪೂರ್ತಿ ಇಂಟರ್ನ್‌ಶಿಪ್. ಈಗ ಮೈಸೂರೊಂದೇ ಅಲ್ಲ, ಮಂಗಳೂರು, ಮಣಿಪಾಲ, ಧಾರವಾಡದಲ್ಲೂ ಓದಬಹುದು. ನಮ್ಮ ಬೆಂಗಳೂರಲ್ಲೇ, ಹೆಣ್ಣೂರು ರಸ್ತೆಯ ಲಿಂಗರಾಜಪುರದಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ಹೆಸರಿನ ಸಂಸ್ಥೆ ಇದೆ, ನಮ್ಮನೆಯಿಂದ ರಿಂಗ್ ರೋಡ್ ಹಿಡಿದರೆ ದೂರವೇನಲ್ಲ. ಟ್ರಾಫಿಕ್ ಮಾತು ಬೇರೆ ಬಿಡಿ.

ಓದೋದು ಏನೇನು ಅಂತ ತಂಗಿಯ ಹತ್ತಿರ ಇದ್ದ ಪಟ್ಟಿ ನೋಡಿ ನನಗೇ ಆಶ್ಚರ್ಯ. ಕಿವಿ ಗಂಟಲಿನ ಅಂಗರಚನೆ, ನರಶಾಸ್ತ್ರ, ಭಾಷಾಶಾಸ್ತ್ರ, ಮನಶ್ಶಾಸ್ತ್ರ, ಅದರ ಜೊತೆ ಶಬ್ದದ ಭೌತಶಾಸ್ತ್ರ, ಎಲೆಕ್ಟ್ರಾನಿಕ್ಸ್. 250ರಿಂದ 8000 ಹರ್ಟ್ಸ್‌ವರೆಗೆ ಒಂದೊಂದೇ ಸ್ವರ ಕೇಳಿಸಿ, ಎಷ್ಟು ಡೆಸಿಬೆಲ್‌ಗೆ ಕಿವಿ ಎಚ್ಚರ ಆಗುತ್ತೆ ಅಂತ ಗೆರೆ ಎಳೆಯೋದು. ಧ್ವನಿಯ ಸ್ಪೆಕ್ಟ್ರೋಗ್ರಾಂ ಓದೋದು. ಅಯ್ಯೋ, ಇದೆಲ್ಲ ನಾನು ಸಿಗ್ನಲ್ ಪ್ರೊಸೆಸಿಂಗ್ ಪೇಪರಿಗೆ ಉರು ಹೊಡೆದು ಮರೆತಿದ್ದು!

ಇದಕ್ಕೂ ನಮ್ಮ ಬೆಂಗಳೂರಿಗೂ ಒಂದು ನಂಟಿದೆ ನೋಡಿ. ಯಶವಂತಪುರದ ಪಕ್ಕದ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಬಿ.ಎಸ್. ರಾಮಕೃಷ್ಣ ಅವರು ಶಬ್ದಶಾಸ್ತ್ರದ ಪ್ರಯೋಗಶಾಲೆ ನಡೆಸ್ತಿದ್ದರು. ಅಲ್ಲಿ 1957ರಿಂದ 1960ರವರೆಗೆ ಪಾಠ ಹೇಳಿದವರು ಬಿಷ್ಣು ಅಟಲ್. 1961ರಲ್ಲಿ ಬೆಲ್ ಲ್ಯಾಬ್ಸ್ ಸೇರಿ ಅವರು ಬೆಳೆಸಿದ ಲೀನಿಯರ್ ಪ್ರೆಡಿಕ್ಷನ್ ವಿಧಾನವೇ ಮೊಬೈಲ್ ಫೋನುಗಳು ನಮ್ಮ ದನಿಯನ್ನು ಚಿಕ್ಕದಾಗಿ ಮಡಿಸಿ ಕಳಿಸೋದಕ್ಕೆ ಆಧಾರವಾಗಿದ್ದು. ಗಂಟಲು ಬಾಯಿಯ ಅನುರಣನ ಅಳೆಯೋ ತಂತ್ರಾಂಶಗಳ ಒಳಗೂ ಅದೇ ಗಣಿತ. ಹಿಂದಕ್ಕೆ ಹೋದರೆ ಫೋನು ಹುಟ್ಟಿದ ಕಥೆಯೂ ಹೀಗೇ. 1876ರಲ್ಲಿ ಟೆಲಿಫೋನಿಗೆ ಪೇಟೆಂಟ್ ಪಡೆದ ಗ್ರಹಾಂ ಬೆಲ್ ಕಿವುಡ ಮಕ್ಕಳಿಗೆ ಮಾತು ಕಲಿಸ್ತಿದ್ದ ಮೇಷ್ಟ್ರು! ಹಾಗಂತ ಅವನನ್ನು ಪೂರ್ತಿ ಹೊಗಳೋ ಹಾಗೂ ಇಲ್ಲ. ಕಿವುಡರ ಸನ್ನೆ ಭಾಷೆಯನ್ನು ಶಾಲೆಗಳಿಂದ ದೂರ ಇಡಬೇಕು ಅಂದವರಲ್ಲಿ ಅವನೂ ಒಬ್ಬ. ಅದರಿಂದ ಎಷ್ಟೋ ಮಕ್ಕಳು ಸನ್ನೆಯೂ ಇಲ್ಲ, ಮಾತೂ ಇಲ್ಲ ಅನ್ನೋ ಹಾಗಾದರು.

2011ರ ಜನಗಣತಿ ಪ್ರಕಾರ ನಮ್ಮ ದೇಶದಲ್ಲಿ ಶ್ರವಣ ದೋಷ ಇರೋರು ಸುಮಾರು 50 ಲಕ್ಷ, ವಾಕ್ ದೋಷ ಇರೋರು ಸುಮಾರು 20 ಲಕ್ಷ. ನನ್ನಂಥ ಉಗ್ಗುವವರು ಆ ಲೆಕ್ಕದಲ್ಲಿ ಎಷ್ಟು ಜನ ಸೇರಿದ್ದಾರೋ, ನಮ್ಮನೆಯಲ್ಲಂತೂ ಯಾರೂ ಬರೆಸಿರಲಿಲ್ಲ.

ಸಂಜೆ ಆಯ್ತು. ಬಾಲ್ಕನಿಯಲ್ಲಿ ಕೂತ್ಕೊಂಡು ಇಷ್ಟನ್ನೂ ಚಿಕ್ಕಪ್ಪನಿಗೆ ಹೇಳಿದೆ, ನಡುನಡುವೆ ಉಗ್ಗುತ್ತಲೇ. ಪೂರ್ತಿ ಕೇಳಿದರು. ಕೊನೆಗೆ ಒಂದು ಪ್ರಶ್ನೆ ಕೇಳಿದರು, ನಾನು ಅದಕ್ಕೇ ಹೆದರಿದ್ದೆ.

"ಎಲ್ಲ ಸರಿನಪ್ಪಾ. ನೀನೂ ಆಗ ಆಸ್ಪತ್ರೆಗೆ ಹೋಗ್ತಿದ್ಯಲ್ಲ. ನಿನ್ನ ಉಗ್ಗು ಹೋಯ್ತಾ?"

ತಂಗಿ ತಲೆ ತಗ್ಗಿಸಿದಳು.

ಹೌದು, ಹೋಗ್ತಿದ್ದೆ. ಒಂಬತ್ತನೇ ಕ್ಲಾಸಿನಲ್ಲಿ, ವಾರಕ್ಕೆರಡು ದಿನ. ನನ್ನನ್ನು ನೋಡ್ತಿದ್ದಿದ್ದು ಇಂಟರ್ನ್‌ಶಿಪ್ ಮಾಡ್ತಿದ್ದ ಒಬ್ಬ ಅಕ್ಕ. ಅವರು ಯಾವತ್ತೂ "ಉಗ್ಗಬೇಡ" ಅನ್ನಲಿಲ್ಲ. ಮೊದಲ ಅಕ್ಷರವನ್ನು ಮೆತ್ತಗೆ ಎಳೆದು ಶುರು ಮಾಡೋದು, ಸಿಕ್ಕಿಕೊಂಡಾಗ ತಳ್ಳದೆ ಸಡಿಲ ಬಿಡೋದು, ಎಲ್ಲಕ್ಕಿಂತ ಮುಖ್ಯವಾಗಿ ಪದ ಬದಲಿಸದೆ ಇರೋದು ಕಲಿಸಿದರು. ಒಂದು ದಿನ ನನ್ನ ಜೊತೆ ಬಸ್ ಸ್ಟಾಪಿಗೇ ಬಂದು, "ಇವತ್ತು ನೀನು ಎಲ್ಲಿ ಇಳೀಬೇಕೋ ಆ ಊರಿನ ಹೆಸರನ್ನೇ ಹೇಳಬೇಕು. ಎಷ್ಟು ಹೊತ್ತಾದರೂ ಪರವಾಗಿಲ್ಲ" ಅಂದರು. ಬಹಳ ಹೊತ್ತೇ ಆಯ್ತು. ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ಕಂಡಕ್ಟರ್ ಮಾತ್ರ ಕಾದರು.

"ಇಲ್ಲ ಚಿಕ್ಕಪ್ಪ, ಹೋಗಿಲ್ಲ. ಆದ್ರೆ ಆವತ್ತಿಂದ ನಾನು ಹೆಬ್ಬಾಳದಲ್ಲಿ ಇಳಿದಿಲ್ಲ" ಅಂದೆ.

ಅವರಿಗೆ ಅರ್ಥ ಆಗಲಿಲ್ಲ. ಹೆಬ್ಬಾಳದ ಕಥೆ ಪೂರ್ತಿ ಹೇಳಬೇಕಾಯ್ತು. ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಒಳಗಿಂದ ಅಮ್ಮನೂ ಬಂದು ಬಾಗಿಲಿಗೆ ಒರಗಿ ನಿಂತು ಕೇಳಿದರು. ಚಿಕ್ಕಪ್ಪ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ತಂಗಿಯ ಕಡೆ ತಿರುಗಿ, "ಅದಕ್ಕೆ ಎಂಟ್ರೆನ್ಸು ಬರೀಬೇಕು ಅಂದ್ಯಲ್ಲ, ಕೊನೇ ದಿನ ಯಾವತ್ತು?" ಅಂದರು.

ಒಪ್ಪಿದ್ದಾರೆ ಅಂತ ಹೇಳಲಾರೆ. ಕಂಪ್ಯೂಟರ್ ಸೈನ್ಸ್ ಸೀಟಿನ ಮಾತು ಯಶವಂತಪುರ ಸ್ಟೇಷನ್ನಿನವರೆಗೂ ನಡೀತಾನೇ ಇತ್ತು. ಆದರೆ ರೈಲು ಹತ್ತೋ ಮುಂಚೆ ತಂಗಿ ಕಿವಿಯಲ್ಲಿ ಒಂದು ಮಾತು ಕೇಳಿದಳು.

"ಅಣ್ಣಾ, ಆ ಅಕ್ಕ ಈಗ ಎಲ್ಲಿದ್ದಾರೆ?"

ಗೊತ್ತಿಲ್ಲ. ಹೆಸರು ಬಿಟ್ಟು ಬೇರೇನೂ ನನಗೆ ನೆನಪಿಲ್ಲ. ಅವರಿಗೆ ನಾನು ಇಂಟರ್ನ್‌ಶಿಪ್ಪಿನ ಎಷ್ಟನೇ ಕೇಸೋ! ನಿಮ್ಮ ಮನೆಯಲ್ಲೂ ಯಾರಾದರೂ ಇಂಥ ಕೋರ್ಸ್ ಓದ್ತೀನಿ ಅಂತ ಮುಖ ಊದಿಸಿಕೊಂಡಿದ್ದರೆ, ಬುದ್ಧಿ ಹೇಳೋಕೆ ಮುಂಚೆ ಒಂದು ಸಲ ಅವರ ಮಾತು ಪೂರ್ತಿ ಕೇಳಿ. ನಡುವೆ ಬಾಯಿ ಹಾಕಬೇಡಿ. ನಮ್ಮಂಥ ಉಗ್ಗುವವರು ಕೇಳ್ಕೊಳ್ಳೋದೂ ಇಷ್ಟೇ :-)